ಪಡೆಯುವವರ ಮಿತಿ: ಆನ್‌ಲೈನ್ ಧ್ಯಾನ ಶಿಬಿರಕ್ಕೆ ಬಂದ ಒಂದು ದೊಡ್ಡ ದಾನದ ಪ್ರಕರಣ

ಏಳು ದಿನಗಳ ಆನ್‌ಲೈನ್ ಧ್ಯಾನ ಶಿಬಿರ ಮುಗಿದ ರಾತ್ರಿಯೇ ನಮ್ಮ ಬಳಗದ ಬ್ಯಾಂಕ್ ಖಾತೆಗೆ ಒಬ್ಬ ಸಾಧಕರಿಂದ ದೊಡ್ಡ ಮೊತ್ತವೊಂದು ಬಂತು. ಉಳಿದವರೆಲ್ಲರ ದಾನವನ್ನು ಒಟ್ಟುಗೂಡಿಸಿದರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಜೊತೆಗಿದ್ದ ಚಿಕ್ಕ ಸಂದೇಶದ ತಾತ್ಪರ್ಯ ಇಷ್ಟು: ಇದು ಕಷ್ಟಕಾಲಕ್ಕೆಂದು ತೆಗೆದಿಟ್ಟಿದ್ದ ಹಣ, ಶಿಬಿರ ಮುಗಿಸಿದ ಮೇಲೆ ಇದರ ಆಸರೆ ತಮಗೆ ಬೇಕೆನಿಸುತ್ತಿಲ್ಲ, ಧಮ್ಮದ ಕೆಲಸಕ್ಕೆ ಸಲ್ಲಲಿ.

ಆ ಹಣವನ್ನು ನಾವು ಏನು ಮಾಡಿದೆವು, ಯಾಕೆ ಹಾಗೆ ಮಾಡಿದೆವು, ಅದರಿಂದ ಯಾರಿಗೆ ನೋವಾಯಿತು, ಶಿಬಿರದ ವ್ಯವಸ್ಥೆಯಲ್ಲಿ ಏನು ಬದಲಾಯಿತು ಎಂಬುದರ ದಾಖಲೆ ಇದು. ಬಳಗದ ಲೆಕ್ಕಪತ್ರ ನೋಡಿಕೊಳ್ಳುವ ಸೇವಕರಲ್ಲಿ ನಾನೂ ಸೇರಿದ್ದೇನೆ. ಬರೆಯಲು ಆ ಸಾಧಕರ ಒಪ್ಪಿಗೆಯಿದೆ. ಗುರುತು ಹತ್ತುವಂಥ ವಿವರಗಳನ್ನು ಬಿಟ್ಟಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದಾನದ ಬಗ್ಗೆ ನಾವು ಆಡುವ ಮಾತೆಲ್ಲ ಕೊಡುವವರನ್ನು ಕುರಿತದ್ದು. ಕೈ ಬಿಚ್ಚಬೇಕು, ಅಂಟು ಸಡಿಲಿಸಬೇಕು, ಮನಸ್ಸು ಅಗಲವಾಗಬೇಕು ಎನ್ನುತ್ತೇವೆ. ಪಡೆಯುವವರು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಎತ್ತುವುದೇ ಅಪರೂಪ. ಬುದ್ಧರ ಕಾಲದ ವಿನಯದಲ್ಲಿ, ಅಂದರೆ ಭಿಕ್ಷುಗಳ ನಡವಳಿಕೆಯ ಕಟ್ಟಳೆಗಳಲ್ಲಿ, ಈ ಪ್ರಶ್ನೆಗೆ ಸ್ಪಷ್ಟ ನಿಯಮಗಳಿದ್ದವು. ಪರದೆಯ ಮೇಲಿನ ಶಿಬಿರಗಳಿಗೆ ಬರುವಾಗ ಆ ನಿಯಮಗಳು ದಾರಿಯಲ್ಲೇ ಉದುರಿಹೋಗಿವೆ. ಅವನ್ನು ಮತ್ತೆ ಕಟ್ಟಬೇಕಾದ ಹೊಣೆ ಪಡೆಯುವವರದು.

ಶಿಬಿರದ ರೀತಿ

2020ರಲ್ಲಿ ಕೋವಿಡ್‌ನಿಂದಾಗಿ ಜಗತ್ತಿನಾದ್ಯಂತ ಧ್ಯಾನ ಕೇಂದ್ರಗಳು ಬಾಗಿಲು ಮುಚ್ಚಿದಾಗ ಅನೇಕ ಪರಂಪರೆಗಳು ತಮ್ಮ ಶಿಬಿರಗಳನ್ನು ಆನ್‌ಲೈನ್‌ಗೆ ತಂದವು. ಎಲ್ಲರೂ ತರಲಿಲ್ಲ. ಧ್ಯಾನದ ಆಚಾರ್ಯ ಎಸ್. ಎನ್. ಗೋಯೆಂಕಾ ಅವರ ಪರಂಪರೆ, ಹತ್ತು ದಿನಗಳ ವಿಪಶ್ಯನಾ (ಒಳನೋಟದ ಧ್ಯಾನದ) ಶಿಬಿರವನ್ನು ಕೇಂದ್ರದ ಆವರಣದೊಳಗೇ ಕಲಿಯಬೇಕೆಂಬ ಕ್ರಮವನ್ನು ಬಿಟ್ಟುಕೊಡಲಿಲ್ಲ. ತಂದವರಲ್ಲಿ ಕೆಲವರು ಬಾಗಿಲು ತೆರೆದ ಮೇಲೆ ನಿಲ್ಲಿಸಿದರು, ಕೆಲವರು ಮುಂದುವರಿಸಿದರು. ನಮ್ಮ ಬಳಗ ಮುಂದುವರಿಸಿದವರ ಪೈಕಿ. ಹಾಸಿಗೆ ಹಿಡಿದ ತಂದೆ ತಾಯಿಯನ್ನು ಬಿಟ್ಟು ಬರಲಾಗದವರು, ಎಳೆಯ ಮಕ್ಕಳಿರುವವರು, ಗಾಲಿಕುರ್ಚಿಯಲ್ಲಿ ಓಡಾಡುವವರು, ರಜೆ ಸಿಗದವರು ಧ್ಯಾನಕ್ಕೆ ಕೂರಲು ಇದೊಂದೇ ದಾರಿ ಎಂಬುದು ಆ ಹೊತ್ತಿಗೆ ನಮಗೆ ಮನದಟ್ಟಾಗಿತ್ತು.

ಶಿಬಿರದ ದಿನಚರಿ ಎಲ್ಲ ಕಡೆ ಇರುವಂಥದ್ದೇ. ಬೆಳಗಿನ ಜಾವದಿಂದ ರಾತ್ರಿಯವರೆಗೆ ಕೂತು ಮಾಡುವ ಧ್ಯಾನ, ನಡೆಯುತ್ತ ಮಾಡುವ ಧ್ಯಾನ ಸರದಿಯಲ್ಲಿ ಬರುತ್ತವೆ. ಮೊದಲ ದಿನಗಳಲ್ಲಿ ಉಸಿರಿನ ಮೇಲೆ ಗಮನ, ಬಳಿಕ ದೇಹದ ಸಂವೇದನೆಗಳು, ಕೊನೆಯ ದಿನ ಮೆತ್ತಾ ಭಾವನೆ, ಅಂದರೆ ಮೈತ್ರಿಯ ಧ್ಯಾನ. ಸಂಜೆ ಒಂದು ಪ್ರವಚನ. ನಾಲ್ಕೈದು ಸಾಧಕರ ಚಿಕ್ಕ ಗುಂಪುಗಳೊಡನೆ ಆಚಾರ್ಯರು ದಿನಬಿಟ್ಟು ದಿನ ಮಾತನಾಡುತ್ತಾರೆ. ಉಳಿದ ಹೊತ್ತೆಲ್ಲ ಮೌನ. ಮನೆಯಲ್ಲಿ ಮೌನ ಹಿಡಿಯುವುದು ಕೇಂದ್ರದಲ್ಲಿ ಹಿಡಿಯುವುದಕ್ಕಿಂತ ಕಷ್ಟದ ಕೆಲಸ. ಮನೆಮಂದಿ ಅರ್ಥ ಮಾಡಿಕೊಳ್ಳಬೇಕು, ಕರೆಗಂಟೆ ಬಾರಿಸಿದವರೂ ಅರ್ಥ ಮಾಡಿಕೊಳ್ಳಬೇಕು. ಮೊಬೈಲ್ ದೂರವಿಡಿ ಎಂದು ಆಚಾರ್ಯರು ಹೇಳುತ್ತಾರೆ, ಆದರೆ ಆಚಾರ್ಯರು ಬರುವುದೇ ಆ ಮೊಬೈಲ್‌ನೊಳಗಿಂದ.

ಶುಲ್ಕ ಇಲ್ಲ. ಇದು ಬಳಗದ ಮೊದಲ ತೀರ್ಮಾನ, ಇಂದಿಗೂ ನಾನು ಇದರ ಪರವಾಗಿದ್ದೇನೆ. ಬುದ್ಧರ ಉಪದೇಶಗಳ, ಅಂದರೆ ಸುತ್ತಗಳ, ಸಂಗ್ರಹವಾದ ಸುತ್ತಪಿಟಕದಲ್ಲಿ ಕಸಿಭಾರದ್ವಾಜನೆಂಬ ಬೇಸಾಯಗಾರ ಬ್ರಾಹ್ಮಣನ ಪ್ರಸಂಗವಿದೆ. ನಾನು ಉತ್ತು ಬಿತ್ತಿ ಉಣ್ಣುತ್ತೇನೆ, ನೀನೂ ಹಾಗೆ ಮಾಡು ಎಂದು ಅವನು ಭಿಕ್ಷೆಗೆ ನಿಂತ ಬುದ್ಧರಿಗೆ ಹೇಳುತ್ತಾನೆ. ಬುದ್ಧರು ತಮ್ಮ ಬೇಸಾಯ ಎಂಥದ್ದೆಂದು ಗಾಥೆಗಳಲ್ಲಿ ಹೇಳುತ್ತಾರೆ. ಶ್ರದ್ಧೆಯೇ ಬೀಜ, ತಪವೇ ಮಳೆ. ಮೆಚ್ಚಿದ ಬ್ರಾಹ್ಮಣ ಹಾಲಿನ ಪಾಯಸ ತಂದು ಇಡುತ್ತಾನೆ. ಗಾಥೆ ಹಾಡಿದ್ದಕ್ಕೆ ಬಂದ ಅನ್ನ ತಮಗೆ ಸಲ್ಲದು ಎಂದು ಬುದ್ಧರು ಅದನ್ನು ಸ್ವೀಕರಿಸುವುದಿಲ್ಲ. ಉಪದೇಶಕ್ಕೂ ಊಟಕ್ಕೂ ನಡುವೆ ಲೇವಾದೇವಿಯ ನೆರಳೂ ಸುಳಿಯಬಾರದೆಂಬ ಈ ಕಟ್ಟುನಿಟ್ಟು ನಮಗೆ ಆದರ್ಶವಾಗಿತ್ತು. ಅಮೆರಿಕದ ಬ್ಯಾರಿಯಲ್ಲಿ 1976ರಲ್ಲಿ ಬಾಗಿಲು ತೆರೆದ ಇನ್‌ಸೈಟ್ ಮೆಡಿಟೇಷನ್ ಸೊಸೈಟಿಯಂಥ ಕೇಂದ್ರಗಳಲ್ಲಿ ಊಟ ವಸತಿಗೆ ಶುಲ್ಕ, ಆಚಾರ್ಯರಿಗೆ ಪ್ರತ್ಯೇಕವಾಗಿ ದಾನ ಎಂಬ ಕ್ರಮ ಬಹುಕಾಲ ನಡೆದುಬಂದಿದೆ. ನಮ್ಮಲ್ಲಿ ಊಟವೂ ಇಲ್ಲ, ವಸತಿಯೂ ಇಲ್ಲ. ಹಾಗಾಗಿ ಶುಲ್ಕವೂ ಬೇಡ, ಎಲ್ಲವೂ ದಾನದಿಂದಲೇ ನಡೆಯಲಿ ಎಂದು ಬಳಗ ನಿಶ್ಚಯಿಸಿತ್ತು. ವಿಡಿಯೊ ಸೇವೆಯ ಚಂದಾ, ವಿಡಿಯೊಗಳಿಗೆ ಅಡಿಬರಹ ಬರೆಸುವ ಖರ್ಚು, ಗೃಹಸ್ಥರಾದ ಆಚಾರ್ಯರ ಜೀವನೋಪಾಯ, ಇವಿಷ್ಟು ಆ ದಾನದಿಂದ ನಡೆಯಬೇಕು.

ಕೊನೆಯ ಸಂಜೆ

ಆ ಸಂಜೆಯ ಕ್ರಮವನ್ನು ತುಸು ವಿವರವಾಗಿ ಹೇಳಬೇಕು. ಏಕೆಂದರೆ ಪ್ರಕರಣದ ಬೇರು ಇರುವುದು ಅಲ್ಲಿಯೇ.

ಆಚಾರ್ಯರು ಮೆತ್ತಾ ಭಾವನೆ ಮಾಡಿಸಿದರು. ತನಗೆ, ಆಪ್ತರಿಗೆ, ಅಪರಿಚಿತರಿಗೆ, ಮುನಿಸಿಕೊಂಡವರಿಗೆ, ಸಕಲ ಜೀವಿಗಳಿಗೆ ಒಳಿತಾಗಲಿ ಎಂದು ಹಾರೈಸುವ ಈ ಧ್ಯಾನದ ಹೊತ್ತಿಗೆ ಅನೇಕರ ಕಣ್ಣು ಒದ್ದೆಯಾಗಿರುತ್ತದೆ. ವಾರವಿಡೀ ಮಾತಿಲ್ಲದೆ, ಸುದ್ದಿ ಕೇಳದೆ, ತನ್ನೊಳಗನ್ನೇ ನೋಡುತ್ತ ಕೂತ ಮನಸ್ಸು ಆಗ ತೆಳುವಾಗಿ, ಮೆದುವಾಗಿ ಇರುತ್ತದೆ. ಧ್ಯಾನ ಮುಗಿಯಿತು. ಆಚಾರ್ಯರು ಕೈಮುಗಿದು ಪರದೆಯಿಂದ ಸರಿದರು. ಅವರಿದ್ದ ಜಾಗಕ್ಕೆ ಒಬ್ಬ ಸೇವಕರು ಬಂದು ದಾನದ ಮಹತ್ವ ಕುರಿತು ಮಾತನಾಡಿದರು. ಮಾತು ಚೆನ್ನಾಗಿಯೇ ಇತ್ತು. ದಾನವು ಹತ್ತು ಪಾರಮಿಗಳಲ್ಲಿ, ಅಂದರೆ ಸಾಧಕರು ಬೆಳೆಸಿಕೊಳ್ಳಬೇಕಾದ ಗುಣಗಳಲ್ಲಿ, ಮೊದಲನೆಯದು, ಹೊಸಬರಿಗೆ ಬುದ್ಧರು ಧಮ್ಮ ಹೇಳುವಾಗ ದಾನದಿಂದ ಆರಂಭಿಸಿ ಬಳಿಕ ಶೀಲದ ವಿಷಯಕ್ಕೆ ಬರುತ್ತಿದ್ದರು ಎಂಬುದನ್ನೆಲ್ಲ ಹೇಳಿದರು. ಒಂದೂ ಸುಳ್ಳಲ್ಲ. ಆಮೇಲೆ ಪರದೆಯ ಮೇಲೆ ಕ್ಯೂಆರ್ ಕೋಡ್ ಬಂತು. ಅದರ ಕೆಳಗೆ, ವರ್ಷದ ಗುರಿಯಲ್ಲಿ ಎಷ್ಟು ತುಂಬಿದೆ ಎಂದು ತೋರಿಸುವ ಪಟ್ಟಿಯೊಂದು ಬಣ್ಣ ಹಿಡಿದುಕೊಂಡು ಬಲಕ್ಕೆ ಸರಿಯುತ್ತಿತ್ತು. ಮೌನ ಬಿಡಿಸಿದ್ದರಿಂದ ಸಂದೇಶಗಳ ಅಂಕಣದಲ್ಲಿ ಕೃತಜ್ಞತೆಯ ಮಾತುಗಳ ನಡುವೆ ಕೊಟ್ಟೆ, ಕೊಟ್ಟಾಯಿತು ಎಂಬ ಸಾಲುಗಳೂ ಬರತೊಡಗಿದವು.

ಇಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ಕೊನೆಯ ಸಂಜೆ ತಪ್ಪಿದರೆ ಜನ ಮತ್ತೆ ಒಟ್ಟಿಗೆ ಸಿಗುವುದಿಲ್ಲ, ಹಾಗಾಗಿ ಆಗಲೇ ಕೇಳಬೇಕು ಎಂಬ ಲೆಕ್ಕಾಚಾರ. ಗುರಿಯ ಪಟ್ಟಿ ಪಾರದರ್ಶಕತೆಗೆಂದು ಇಟ್ಟದ್ದು. ಆದರೆ ಇವೆಲ್ಲ ಒಂದೇ ಅರ್ಧ ಗಂಟೆಯೊಳಗೆ ಒತ್ತಿಕೊಂಡು ಬಂದಾಗ ಅದರ ಸ್ವರೂಪವೇ ಬೇರೆಯಾಗುತ್ತದೆ. ಗಾಥೆ ಹಾಡಿದ ಬಾಯಿ ಮುಚ್ಚುವ ಮೊದಲೇ ಪಾಯಸದ ಪಾತ್ರೆಯನ್ನು ಮುಂದೆ ಚಾಚಿದಂತೆ ಆಗುತ್ತದೆ. ಶುಲ್ಕವಿಲ್ಲ ಎಂದು ಹೇಳಿಯೂ ಬೆಲೆ ಕೇಳಿದ ಹಾಗೆ.

ಸುತ್ತಪಿಟಕದ ಭಾಗವಾದ ಅಂಗುತ್ತರ ನಿಕಾಯದಲ್ಲಿ ಜನ ಯಾವ ಯಾವ ಕಾರಣಕ್ಕೆ ಕೊಡುತ್ತಾರೆಂದು ಎಂಟು ಬಗೆ ಹೇಳಿದೆ, ಅವುಗಳಲ್ಲಿ ಕೆಲವು ಇವು. ಭಯದಿಂದ ಕೊಡುವವರು, ತನಗೆ ಕೊಟ್ಟಿದ್ದಾರೆಂದು ಕೊಡುವವರು, ಮುಂದೆ ಕೊಡುತ್ತಾರೆಂದು ಕೊಡುವವರು, ಹೆಸರಿಗಾಗಿ ಕೊಡುವವರು, ಕೊಡುವುದು ಒಳ್ಳೆಯದೆಂದು ಕೊಡುವವರು, ಮನಸ್ಸಿಗೆ ಅಲಂಕಾರವಾಗಲಿ, ಅದು ಹದಗೊಳ್ಳಲಿ ಎಂದು ಕೊಡುವವರು. ಆ ಸಂಜೆಯ ಪರದೆ ಕೊನೆಯದರ ಹೆಸರು ಹೇಳುತ್ತ ಉಳಿದವನ್ನೇ ಎಬ್ಬಿಸುವಂತಿತ್ತು.

ಪಾತ್ರೆಗಿದ್ದ ಅಂಚು

ಎದುರಾಬದುರು ನಡೆಯುವ ಶಿಬಿರಗಳಲ್ಲಿ ಇಂಥ ಪ್ರಕರಣ ಆಗುವುದೇ ಇಲ್ಲವೆಂದಲ್ಲ. ಆದರೆ ಅಲ್ಲಿ ತಡೆಗಳಿವೆ. ಗೋಯೆಂಕಾ ಪರಂಪರೆಯಲ್ಲಿ ಕನಿಷ್ಠ ಒಂದು ಹತ್ತು ದಿನಗಳ ಶಿಬಿರವನ್ನು ಪೂರೈಸಿದವರಿಂದ ಮಾತ್ರ ದಾನ ಪಡೆಯುತ್ತಾರೆ. ಹೊರಗಿನವರು ಎಷ್ಟು ಕೊಡಬಂದರೂ ಬೇಡ. ಹತ್ತನೆಯ ದಿನ ಮೆತ್ತಾ ಕಲಿಸಿದ ಮೇಲೆ ಮೌನ ಬಿಡಿಸುತ್ತಾರೆ, ಹೊರಡುವುದು ಮರುದಿನ ಬೆಳಿಗ್ಗೆ. ನಡುವಿನ ಆ ಹೊತ್ತು ಸಾಧಕರನ್ನು ಲೋಕದ ಗದ್ದಲಕ್ಕೆ ಮೆಲ್ಲಗೆ ಒಗ್ಗಿಸುವುದಕ್ಕೆಂದೇ ಇರುವುದು. ಪಕ್ಕದಲ್ಲಿ ಕೂತವರೊಡನೆ ಮಾತಾಡುತ್ತೇವೆ, ಬೆನ್ನುನೋವಿನ ಕಥೆ ಹೇಳಿಕೊಳ್ಳುತ್ತೇವೆ, ಮನೆಗೆ ಹೋಗುವ ಬಸ್ಸಿನ ವೇಳೆ ವಿಚಾರಿಸುತ್ತೇವೆ. ದಾನ ಕೊಡುವವರು ಮೇಜಿನವರೆಗೆ ನಡೆದು ಹೋಗಬೇಕು, ರಸೀದಿಗೆ ಕಾಯಬೇಕು. ಈ ಸಣ್ಣಪುಟ್ಟ ಅಡಚಣೆಗಳಲ್ಲಿ ಮನಸ್ಸಿಗೆ ಎರಡನೆಯ ಸಲ ಯೋಚಿಸಲು ಅವಕಾಶವಿರುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ತಡೆ ಇನ್ನಷ್ಟು ಗಟ್ಟಿ. ಭಿಕ್ಷುಗಳು ಹಣ ಮುಟ್ಟುವಂತಿಲ್ಲ. ನಡು ಹಗಲಿನ ಬಳಿಕ ಊಟ ಮಾಡುವಂತಿಲ್ಲ. ಇಂದು ಪಡೆದ ಅನ್ನವನ್ನು ನಾಳೆಗೆ ಎತ್ತಿಡುವಂತಿಲ್ಲ. ಭಿಕ್ಷಾಪಾತ್ರೆಗೂ ವಿನಯದಲ್ಲಿ ಅಳತೆಯಿದೆ. ಚಿಕ್ಕದು, ನಡುವಣದು, ದೊಡ್ಡದು ಎಂದು ಮೂರು, ದೊಡ್ಡದಕ್ಕಿಂತ ದೊಡ್ಡ ಪಾತ್ರೆ ಸಲ್ಲದು. ಹೆಚ್ಚುವರಿ ಪಾತ್ರೆಯನ್ನು ಹತ್ತು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಂದರೆ ಗೃಹಸ್ಥರು ಎಷ್ಟೇ ಉಕ್ಕಿ ಕೊಡಲಿ, ಪಾತ್ರೆ ತುಂಬಿದ ಮೇಲೆ ಕೈ ತಾನಾಗಿ ನಿಲ್ಲುತ್ತಿತ್ತು. ಪಾತ್ರೆಗೆ ಅಂಚಿತ್ತು. ಬ್ಯಾಂಕ್ ಖಾತೆಗೆ ಅಂಚಿಲ್ಲ, ಸೂರ್ಯನ ಹೊತ್ತಿನ ನಿಯಮವಿಲ್ಲ, ನಾಳೆಗೆ ಕೆಡುವ ಭಯವಿಲ್ಲ. ಪರದೆಯ ಮುಂದೆ ಕೋಣೆಯಲ್ಲಿ ಒಬ್ಬರೇ ಕೂತಿರುವವರ ಕೈಯಲ್ಲಿ, ಬದುಕಿನ ಉಳಿತಾಯವನ್ನು ಒಂದೇ ಸ್ಪರ್ಶದಲ್ಲಿ ದಾಟಿಸಬಲ್ಲ ಸಾಧನವಿದೆ. ಅವರ ಮುಖ ನೋಡಿ, ಸ್ವಲ್ಪ ತಾಳಿ ಎನ್ನುವವರು ಯಾರೂ ಪಕ್ಕದಲ್ಲಿಲ್ಲ.

ಅಣ್ಣನ ಕರೆ, ಬಳಗದ ಸಭೆ

ಮೂರನೆಯ ದಿನ ಆ ಸಾಧಕರ ಅಣ್ಣ ಕರೆ ಮಾಡಿದರು. ಸಿಟ್ಟಿರಲಿಲ್ಲ, ಆತಂಕವಿತ್ತು. ತಮ್ಮ ಒಡಹುಟ್ಟಿದವರಿಗೆ ನಿಶ್ಚಿತ ವರಮಾನವಿಲ್ಲ, ಮುಂದೆ ಮಾಡಿಸಬೇಕಾದ ಚಿಕಿತ್ಸೆಯೊಂದಿದೆ, ಆ ಹಣ ಅದಕ್ಕೆಂದು ಕೂಡಿಟ್ಟದ್ದು, ನೀವು ಒಮ್ಮೆ ಮಾತಾಡಿ ನೋಡುತ್ತೀರಾ ಎಂದು ಕೇಳಿದರು. ಹಣ ಮರಳಿಸಿ ಎಂದು ಅವರು ಕೇಳಲಿಲ್ಲ.

ಸಭೆ ಸೇರಿತು. ಮೊದಲ ಪ್ರಶ್ನೆಯೇ ತೊಡಕಿನದು: ಕೊಟ್ಟವರು ವಯಸ್ಕರು, ಸ್ವಸ್ಥ ಮನಸ್ಸಿನವರು, ಅವರಾಗಿ ಏನೂ ಕೇಳಿಲ್ಲ. ಮನೆಯವರ ಮಾತು ಕೇಳಿ ಅವರ ದಾನವನ್ನು ಪ್ರಶ್ನಿಸುವ ಅಧಿಕಾರ ನಮಗಿದೆಯೇ?

ಬಳಗದ ಹಿರಿಯ ಸದಸ್ಯೆಯೊಬ್ಬರು ಇಲ್ಲ ಎಂದರು, ಮತ್ತು ಅದಕ್ಕೆ ಆಧಾರ ಕೊಟ್ಟರು. ವಚ್ಛಗೋತ್ತನೆಂಬ ಪರಿವ್ರಾಜಕನಿಗೆ ಬುದ್ಧರು ಹೇಳಿದ ಮಾತು ಅಂಗುತ್ತರ ನಿಕಾಯದಲ್ಲಿದೆ. ಕೊಡುತ್ತಿರುವವರನ್ನು ತಡೆಯುವವನು ಮೂವರಿಗೆ ಅಡ್ಡಿಯಾಗುತ್ತಾನೆ. ಕೊಡುವವರ ಪುಣ್ಯಕ್ಕೆ ಅಡ್ಡಿ, ಪಡೆಯುವವರ ಲಾಭಕ್ಕೆ ಅಡ್ಡಿ, ಅದಕ್ಕೂ ಮೊದಲು ತನಗೇ ಕೇಡು. ಪಾತ್ರೆ ತೊಳೆದ ನೀರನ್ನು ಕೊಳದ ಜೀವಿಗಳಿಗಾಗಲಿ ಎಂದು ಚೆಲ್ಲಿದರೂ ಪುಣ್ಯವಿದೆ ಎಂದು ಅದೇ ಸುತ್ತ ಹೇಳುತ್ತದೆ. ಹೀಗಿರುವಾಗ ಒಬ್ಬರು ಶ್ರದ್ಧೆಯಿಂದ ಕೊಟ್ಟದ್ದನ್ನು ಹಿಂದಕ್ಕೆ ತಳ್ಳಲು ನಾವು ಯಾರು ಎಂದು ಅವರು ಕೇಳಿದರು. ಬಲವಾದ ವಾದ. ಸಭೆಯಲ್ಲಿ ಅರ್ಧಕ್ಕರ್ಧ ಮಂದಿ ಅತ್ತ ವಾಲಿದ್ದು ಸಹಜವೇ.

ಆದರೆ ವಿನಯಪಿಟಕ ಇನ್ನೊಂದು ಬದಿಯನ್ನೂ ತೋರಿಸುತ್ತದೆ. ನನ್ನ ಮಟ್ಟಿಗೆ ಈ ಪ್ರಕರಣವನ್ನು ತೀರ್ಮಾನಿಸಿದ್ದು ಅಲ್ಲಿನ ಎರಡು ನಿಯಮಗಳು.

ಒಂದು, ಪಾಚಿತ್ತಿಯ ಎಂಬ ವರ್ಗದ ನಿಯಮಗಳಲ್ಲಿ 34ನೆಯದು. ಕಾಣಾ ಎಂಬ ಯುವತಿ ತವರಿಗೆ ಬಂದಿದ್ದಾಳೆ. ಗಂಡ ಹೇಳಿಕಳಿಸುತ್ತಾನೆ. ಬರಿಗೈಯಲ್ಲಿ ಕಳಿಸುವುದು ಚೆನ್ನಲ್ಲವೆಂದು ತಾಯಿ ಕಜ್ಜಾಯ ಮಾಡುತ್ತಾಳೆ. ಭಿಕ್ಷೆಗೆ ಬಂದ ಭಿಕ್ಷುವಿಗೆ ಅದನ್ನೇ ಕೊಡುತ್ತಾಳೆ. ಅವನು ಹೋಗಿ ಇನ್ನೊಬ್ಬನಿಗೆ ಹೇಳುತ್ತಾನೆ, ಇನ್ನೊಬ್ಬ ಮತ್ತೊಬ್ಬನಿಗೆ. ಮಾಡಿದ್ದೆಲ್ಲ ಖಾಲಿ. ಗಂಡ ಮತ್ತೆ ಹೇಳಿಕಳಿಸುತ್ತಾನೆ, ತಾಯಿ ಮತ್ತೆ ಮಾಡುತ್ತಾಳೆ, ಮತ್ತೆ ಹಾಗೆಯೇ ಆಗುತ್ತದೆ. ಕೊನೆಗೆ ಗಂಡ ಬೇರೊಬ್ಬಳನ್ನು ಮದುವೆಯಾಗುತ್ತಾನೆ. ಇದರ ಬೆನ್ನಿಗೇ ಇನ್ನೊಂದು ಪ್ರಸಂಗ ಬರುತ್ತದೆ. ಪ್ರಯಾಣಕ್ಕೆ ಹೊರಟ ಉಪಾಸಕನೊಬ್ಬ ದಾರಿಬುತ್ತಿಯನ್ನೆಲ್ಲ ಭಿಕ್ಷುಗಳಿಗೆ ಕೊಟ್ಟು, ಮತ್ತೆ ಹೊಂಚಿಕೊಳ್ಳುವಷ್ಟರಲ್ಲಿ ಜೊತೆಗಿದ್ದ ಪ್ರಯಾಣಿಕರ ತಂಡ ಮುಂದೆ ಹೋಗಿ, ಹಿಂದೆ ಉಳಿದ ಅವನನ್ನು ಕಳ್ಳರು ದೋಚುತ್ತಾರೆ. ಆಗ ಬುದ್ಧರು ಇಟ್ಟ ನಿಯಮ ಹೀಗೆ: ಗೃಹಸ್ಥರು ಬೇಕಾದಷ್ಟು ತೆಗೆದುಕೊಳ್ಳಿ ಎಂದರೂ ಭಿಕ್ಷು ಎರಡು ಮೂರು ಪಾತ್ರೆಗಿಂತ ಹೆಚ್ಚು ಪಡೆಯಬಾರದು, ಪಡೆದದ್ದನ್ನು ಉಳಿದ ಭಿಕ್ಷುಗಳೊಡನೆ ಹಂಚಿಕೊಳ್ಳಬೇಕು. ಆ ತಾಯಿಗೆ, ಆ ಉಪಾಸಕನಿಗೆ ಕಡಿಮೆ ಕೊಡು ಎಂದು ಯಾರೂ ಹೇಳಲಿಲ್ಲ. ಕಡಿಮೆ ಪಡೆ ಎಂದು ಭಿಕ್ಷುವಿಗೆ ಹೇಳಲಾಯಿತು.

ಎರಡನೆಯದು ನಮ್ಮ ಪ್ರಕರಣಕ್ಕೆ ಇನ್ನೂ ಹತ್ತಿರ. ಪಾಟಿದೇಸನೀಯ ಎಂಬ ಇನ್ನೊಂದು ವರ್ಗದ ನಿಯಮಗಳಲ್ಲಿ ಮೂರನೆಯದು. ಶ್ರಾವಸ್ತಿಯಲ್ಲಿ ಗಂಡ ಹೆಂಡತಿ ಇಬ್ಬರೂ ಅಪಾರ ಶ್ರದ್ಧೆಯ ಒಂದು ಕುಟುಂಬ. ಅವರ ಶ್ರದ್ಧೆ ಏರಿದಂತೆ ಸಂಪತ್ತು ಇಳಿಯುತ್ತ ಬಂತು. ಬೆಳಿಗ್ಗೆ ಮನೆಯಲ್ಲಿ ಇದ್ದದ್ದನ್ನೆಲ್ಲ ಭಿಕ್ಷುಗಳಿಗೆ ಬಡಿಸಿ ತಾವು ಉಪವಾಸ ಇರುವ ದಿನಗಳೂ ಬಂದವು. ಜನ ಆಡಿಕೊಂಡರು, ಆದರೆ ಆ ಕುಟುಂಬವನ್ನಲ್ಲ. ಈ ಭಿಕ್ಷುಗಳು ಮಿತಿ ಅರಿಯದೆ ಪಡೆಯುತ್ತಾರಲ್ಲ ಎಂದರು. ಬುದ್ಧರು ಆ ದೂರನ್ನು ತಳ್ಳಿಹಾಕಲಿಲ್ಲ. ಇಂಥ ಕುಟುಂಬವನ್ನು ಸಂಘವು ಸೇರಿ, ವಿಧಿಪೂರ್ವಕವಾಗಿ, ಸೇಖ ಸಮ್ಮತಿ ಪಡೆದ ಕುಟುಂಬವೆಂದು ಘೋಷಿಸಬಹುದು ಎಂದರು. ಘೋಷಿಸಿದ ಬಳಿಕ, ಮೊದಲೇ ಕರೆದಿದ್ದರೆ ಅಥವಾ ಭಿಕ್ಷು ಕಾಯಿಲೆ ಬಿದ್ದಿದ್ದರೆ ಹೊರತು, ಆ ಮನೆಯಲ್ಲಿ ಆಹಾರ ಪಡೆಯುವಂತಿಲ್ಲ.

ಈ ಏರ್ಪಾಟಿನ ಸೂಕ್ಷ್ಮವನ್ನು ಗಮನಿಸಿ. ಆ ಕುಟುಂಬಕ್ಕೆ ಬುದ್ಧಿ ಹೇಳಿಲ್ಲ. ಅವರ ಉದಾರತೆಯನ್ನು ದೋಷವೆಂದು ಹೆಸರಿಸಿಲ್ಲ. ಸೇಖ ಎಂದರೆ ಮಾರ್ಗದಲ್ಲಿ ಸಾಕಷ್ಟು ಮುಂದೆ ಬಂದಿರುವ ಸಾಧಕ, ಅದು ಗೌರವದ ಸ್ಥಾನ. ಗೌರವ ಕೊಟ್ಟು, ಅದೇ ಗೌರವದ ಮೂಲಕ ಪಡೆಯುವ ಕೈಯನ್ನು ಹಿಂದಕ್ಕೆ ಎಳೆದುಕೊಂಡಿದ್ದಾರೆ. ವಚ್ಛಗೋತ್ತ ಸುತ್ತಕ್ಕೂ ಇದಕ್ಕೂ ವಿರೋಧ ನನಗೆ ಕಾಣುವುದಿಲ್ಲ. ಅಲ್ಲಿ ಬೇಡವೆಂದಿರುವುದು ಮೂರನೆಯವನು ನಡುವೆ ಬಂದು ತಡೆಯುವುದನ್ನು. ಪಡೆಯುವವನು ತನ್ನ ಕೈಯನ್ನು ತಾನೇ ಹಿಡಿದುಕೊಳ್ಳುವುದು ಬೇರೆಯ ವಿಷಯ.

ಆಚಾರ್ಯರು ಸಭೆಯಲ್ಲಿ ಹೆಚ್ಚು ಮಾತನಾಡಲಿಲ್ಲ. ಹಣದ ಬಹುಪಾಲು ಅವರ ಜೀವನೋಪಾಯಕ್ಕೇ ಹೋಗಬೇಕಿದ್ದುದರಿಂದ ತೀರ್ಮಾನ ತಮ್ಮದಾಗಬಾರದು ಎಂದರು. ಒಂದು ವಿಷಯ ಮಾತ್ರ ನೆನಪಿಸಿದರು. ಐದನೆಯ ಶತಮಾನದಲ್ಲಿ ಬುದ್ಧಘೋಷರು ಬರೆದ ವಿಶುದ್ಧಿಮಾರ್ಗವೆಂಬ ಗ್ರಂಥದಲ್ಲಿ ವಿಪಶ್ಯನೆಯ ಹಾದಿಯಲ್ಲಿ ಎದುರಾಗುವ ಹತ್ತು ಉಪಕ್ಲೇಶಗಳ, ಅಂದರೆ ಒಳನೋಟವನ್ನು ಮಸುಕಾಗಿಸಬಲ್ಲ ಅನುಭವಗಳ, ಪಟ್ಟಿಯಿದೆ. ಬೆಳಕು, ಪೀತಿ ಎಂಬ ಹರ್ಷ, ಸುಖ, ಸಮಾಧಾನ ಇವುಗಳ ಜೊತೆ ಅಧಿಮೋಕ್ಷ, ಅಂದರೆ ಉಕ್ಕಿಬರುವ ಬಲವಾದ ಶ್ರದ್ಧೆಯೂ ಅದರಲ್ಲಿದೆ. ಇವು ಕೆಟ್ಟವಲ್ಲ. ಇವನ್ನೇ ಗುರಿಯೆಂದು ಭಾವಿಸಿ ಹಿಡಿದುಕೊಂಡರೆ ಸಾಧಕರು ದಾರಿ ತಪ್ಪುತ್ತಾರೆ. ಇಂಥ ಉಬ್ಬರದಲ್ಲಿರುವ ಸಾಧಕರಿಗೆ ಹೆಜ್ಜೆ ಸ್ಥಿರಪಡಿಸಿಕೊಳ್ಳಲು ನೆರವಾಗಬೇಕಾದುದು ಶಿಬಿರ ನಡೆಸುವವರ ಕರ್ತವ್ಯ. ಅದೇ ಹೊತ್ತಿನಲ್ಲಿ ಅವರ ಮುಂದೆ ಕ್ಯೂಆರ್ ಕೋಡ್ ಇಡುವುದು ಆ ಕರ್ತವ್ಯಕ್ಕೆ ನೇರ ವಿರುದ್ಧ.

ಮಾತುಕತೆ

ಹಣವನ್ನು ಮುಟ್ಟದೆ ಹಾಗೆಯೇ ಇಡುವುದು, ಎರಡು ವಾರ ಕಳೆದ ಮೇಲೆ ಆ ಸಾಧಕರೊಡನೆ ಮಾತನಾಡುವುದು ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ದಾನ ತಲುಪಿದೆ, ಕೃತಜ್ಞರಾಗಿದ್ದೇವೆ, ಸದ್ಯ ಅದನ್ನು ಬಳಸದೆ ಇಟ್ಟಿದ್ದೇವೆ ಎಂದು ಪತ್ರ ಹೋಯಿತು.

ಮಾತನಾಡಿದವರು ಆಚಾರ್ಯರಲ್ಲ. ಅದು ಮುಖ್ಯ. ಗುರುವಿನ ಸ್ಥಾನದಲ್ಲಿರುವವರು ಹಣದ ಪ್ರಸ್ತಾಪ ಎತ್ತಿದರೆ ಸಾಧಕರು ಏನೇ ಉತ್ತರ ಕೊಟ್ಟರೂ ಅದರಲ್ಲಿ ಹಂಗು ಸೇರಿಕೊಳ್ಳುತ್ತದೆ. ಹಿಂದೆ ಹಲವು ಶಿಬಿರಗಳಲ್ಲಿ ಸೇವೆ ಮಾಡಿದ, ಆದರೆ ಈ ಶಿಬಿರದ ದಾನದಲ್ಲಿ ಪಾಲಿಲ್ಲದ ಒಬ್ಬರು ಮಾತನಾಡಿದರು. ಸಪ್ಪುರಿಸ ದಾನದ, ಅಂದರೆ ಸತ್ಪುರುಷರು ಕೊಡುವ ದಾನದ, ಐದು ಲಕ್ಷಣಗಳನ್ನು ಅವರು ಆ ಸಾಧಕರ ಮುಂದಿಟ್ಟರು. ಶ್ರದ್ಧೆಯಿಂದ ಕೊಡುವುದು, ಆದರದಿಂದ ಕೊಡುವುದು, ಸಕಾಲದಲ್ಲಿ ಕೊಡುವುದು, ಹಿಡಿತವಿಲ್ಲದ ಮನಸ್ಸಿನಿಂದ ಕೊಡುವುದು, ತನಗೂ ಪರರಿಗೂ ಪೆಟ್ಟಾಗದಂತೆ ಕೊಡುವುದು. ಮೊದಲ ಎರಡರ ಬಗ್ಗೆ ಯಾರಿಗೂ ಅನುಮಾನವಿಲ್ಲ, ಐದನೆಯದರ ಬಗ್ಗೆ ನಿಮಗೇನು ಅನ್ನಿಸುತ್ತದೆ ಎಂದು ಕೇಳಿದರು.

ಆ ಸಾಧಕರಿಗೆ ನೋವಾಯಿತು. ಬದುಕಿನಲ್ಲಿ ಮೊದಲ ಬಾರಿಗೆ ಭಯವಿಲ್ಲದೆ ಮಾಡಿದ ಕೆಲಸವನ್ನು ನೀವು ರೋಗವೆಂಬಂತೆ ನೋಡುತ್ತಿದ್ದೀರಿ ಎಂದರು. ಮನೆಯವರು ಕರೆ ಮಾಡಿದ್ದರೆಂದು ತಿಳಿದಾಗ ನೋವು ಇನ್ನೂ ಹೆಚ್ಚಾಯಿತು. ಆ ದಿನದ ಮಾತು ಅಲ್ಲಿಗೇ ನಿಂತಿತು.

ಮುಂದಿನ ಸಲ ಅವರೇ ಕರೆದರು. ಈ ನಡುವೆ ಅವರು ತಮ್ಮ ಮನಸ್ಸನ್ನು ನೋಡುತ್ತಿದ್ದರಂತೆ. ದಾನಕ್ಕೆ ಆರು ಅಂಗಗಳಿವೆ ಎನ್ನುವ ಸುತ್ತದಲ್ಲಿ ಕೊಡುವವರಿಗೆ ಸೇರಿದವು ಮೂರು: ಕೊಡುವ ಮೊದಲು ಮನಸ್ಸು ಹಿಗ್ಗಿರಬೇಕು, ಕೊಡುವಾಗ ತಿಳಿಯಾಗಿರಬೇಕು, ಕೊಟ್ಟ ಮೇಲೆ ತೃಪ್ತವಾಗಿರಬೇಕು. ಮೊದಲ ಎರಡು ಇದ್ದವು, ಮೂರನೆಯದು ಶಿಬಿರ ಮುಗಿದ ಎರಡನೆಯ ರಾತ್ರಿಯಿಂದಲೇ ಇರಲಿಲ್ಲ, ಇಲ್ಲವೆಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ ಎಂದು ಅವರೇ ಹೇಳಿದರು. ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದು ನಾಚಿಕೆಗೇಡು ಎಂಬ ಭಾವನೆ ಎಷ್ಟು ಆಳವಾದದ್ದು ಎಂಬುದು ಎಲ್ಲರಿಗೂ ಗೊತ್ತು. ನಾವು ಹಣವನ್ನು ಖರ್ಚು ಮಾಡಿಬಿಟ್ಟಿದ್ದರೆ ಅವರು ಎಂದೂ ಬಾಯಿಬಿಡುತ್ತಿರಲಿಲ್ಲ.

ಹಣದ ಬಹುಪಾಲು ಮರಳಿ ಹೋಯಿತು. ಒಂದು ಚಿಕ್ಕ ಅಂಶವನ್ನು, ಇದು ಯಾವ ದಿನ ಕೊಟ್ಟರೂ ಕೊಡುತ್ತಿದ್ದದ್ದು ಎಂದು ಹೇಳಿ, ಅವರು ಬಳಗದಲ್ಲೇ ಉಳಿಸಿದರು. ಮುಂದಿನ ಕೆಲವು ತಿಂಗಳು ಅವರು ನಮ್ಮ ಯಾವ ಕೂಟಕ್ಕೂ ಬರಲಿಲ್ಲ. ಅಣ್ಣನೊಡನೆಯೂ ಮುನಿಸು ಇತ್ತು ಎಂದು ಆಮೇಲೆ ತಿಳಿಯಿತು. ಹಣ ಮರಳಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಬದಲಾದ ಕ್ರಮ

ಕೊನೆಯ ಸಂಜೆಯ ದಾನದ ಮಾತನ್ನು ಬಳಗ ಸಂಪೂರ್ಣವಾಗಿ ಕೈಬಿಟ್ಟಿತು. ಈಗ ಅದನ್ನು ಶಿಬಿರ ಶುರುವಾಗುವ ಮೊದಲೇ, ಜನ ಇನ್ನೂ ತಮ್ಮ ಎಂದಿನ ಲೆಕ್ಕಾಚಾರದ ಮನಸ್ಸಿನಲ್ಲಿರುವಾಗ ಹೇಳುತ್ತೇವೆ. ಶಿಬಿರದ ದಿನಗಳಲ್ಲಿ ಮತ್ತು ಮುಗಿದ ನಂತರದ ಎರಡು ವಾರ ದಾನದ ಪುಟ ತೆರೆಯುವುದೇ ಇಲ್ಲ. ಆಮೇಲೆ ಒಂದು ಪತ್ರ ಹೋಗುತ್ತದೆ, ಒಂದೇ ಒಂದು. ಮತ್ತೆ ಮತ್ತೆ ನೆನಪಿಸುವ ಪತ್ರಗಳನ್ನು ನಿಲ್ಲಿಸಿದ್ದೇವೆ. ಇದಕ್ಕೂ ವಿನಯದಲ್ಲಿ ಒಂದು ಕಥೆಯಿದೆ. ಆಳವಿ ಎಂಬ ಊರಿನ ಭಿಕ್ಷುಗಳು ಕುಟೀರ ಕಟ್ಟಿಕೊಳ್ಳಲು ಆಳು ಕೊಡಿ, ಎತ್ತು ಕೊಡಿ, ಕೊಡಲಿ ಕೊಡಿ ಎಂದು ಬೇಡಿ ಬೇಡಿ ಜನರನ್ನು ಎಷ್ಟು ಹಣ್ಣು ಮಾಡಿದ್ದರೆಂದರೆ, ದೂರದಲ್ಲಿ ಹಸು ಕಂಡರೂ ಭಿಕ್ಷುವೆಂದು ಬಗೆದು ಜನ ಓಡಿಹೋಗುತ್ತಿದ್ದರಂತೆ. ಆಗ ಬುದ್ಧರು ಮಣಿಕಂಠನೆಂಬ ನಾಗನ ಕಥೆ ಹೇಳಿದರು. ತಾಪಸನೊಬ್ಬನನ್ನು ನೋಡಲು ಪ್ರೀತಿಯಿಂದ ಬರುತ್ತಿದ್ದ ಆ ನಾಗ, ತಾಪಸ ತನ್ನ ಕೊರಳ ಮಣಿಯನ್ನು ಕೇಳತೊಡಗಿದ ಮೇಲೆ ಮತ್ತೆಂದೂ ಬರಲಿಲ್ಲ.

ಬಣ್ಣ ತುಂಬುವ ಗುರಿಯ ಪಟ್ಟಿ ಹೋಯಿತು. ಅದರ ಬದಲು ಶಿಬಿರಕ್ಕೆ ತಗುಲಿದ ಖರ್ಚು, ಆಚಾರ್ಯರಿಗೆ ಸಂದದ್ದು, ಕೈಯಲ್ಲಿ ಉಳಿದದ್ದು ಇವಿಷ್ಟನ್ನು ಬರೆದು ಎಲ್ಲರಿಗೂ ಕಳಿಸುತ್ತೇವೆ. ಮುಂದಿನ ಒಂದು ವರ್ಷಕ್ಕೆ ಬೇಕಾದಷ್ಟು ಸೇರಿದರೆ, ಸದ್ಯಕ್ಕೆ ಸಾಕು ಎಂದು ಅದೇ ಪತ್ರದಲ್ಲಿ ಬರೆಯುತ್ತೇವೆ. ಸಾಕು ಎನ್ನುವ ಸಂಸ್ಥೆಯನ್ನು ನೋಡಿ ಅಭ್ಯಾಸವಿಲ್ಲದ ಜನ ಆ ಪತ್ರಕ್ಕೆ ಅಚ್ಚರಿಯಿಂದ ಉತ್ತರಿಸುತ್ತಾರೆ. ಹಣವಲ್ಲದ ದಾನಕ್ಕೂ ಈಗ ಜಾಗವಿದೆ. ಪ್ರವಚನಗಳಿಗೆ ಅಡಿಬರಹ ಬರೆಯುವವರು, ವಯಸ್ಸಾದ ಸಾಧಕರಿಗೆ ಫೋನಿನಲ್ಲಿ ಜೊತೆ ನಿಂತು ಜೂಮ್ ತೆರೆಯಲು ಕಲಿಸುವವರು, ಬೆಳಗಿನ ಜಾವದ ಕೂಟಕ್ಕೆ ಎಲ್ಲರಿಗಿಂತ ಮೊದಲು ಎದ್ದು ಬಾಗಿಲು ತೆರೆಯುವವರು. ಕೇಂದ್ರದ ಅಡುಗೆಮನೆಯಲ್ಲಿ ಹಳೆಯ ಸಾಧಕರು ಹೊಸಬರಿಗೆ ಬಡಿಸುವಾಗ ಕಣ್ಣಿಗೆ ಕಾಣುವ ದಾನ ಪರದೆಯಲ್ಲಿ ಕಾಣದೆ ಹೋಗಿತ್ತು. ಈ ಸೇವೆಗಳನ್ನು ಹೆಸರಿಸಿ ಹೇಳತೊಡಗಿದ ಮೇಲೆ, ಶಿಬಿರ ಇತರರ ದುಡಿಮೆಯಿಂದ ನಡೆಯುತ್ತಿದೆ ಎಂಬುದು ಸಾಧಕರಿಗೆ ಅರ್ಥವಾಗುತ್ತಿದೆ.

ಇದಕ್ಕೆ ಬೆಲೆ ತೆರಬೇಕಾಯಿತು. ಬದಲಾದ ಕ್ರಮದ ಮೊದಲ ಶಿಬಿರದಲ್ಲಿ ದಾನ ಗಣನೀಯವಾಗಿ ಕುಸಿಯಿತು. ಆಚಾರ್ಯರು ಕೆಲಕಾಲ ಹೊರಗೆ ಕೆಲಸ ಹಿಡಿಯಬೇಕಾಯಿತು, ಒಂದು ಶಿಬಿರವನ್ನು ಮುಂದೂಡಬೇಕಾಯಿತು. ಕೊನೆಯ ಸಂಜೆಯ ಉಬ್ಬರವಿಲ್ಲದಿದ್ದರೆ ದಾನವೇ ಇಲ್ಲವೇನೋ ಎಂಬ ಅಳುಕು ಬಳಗದಲ್ಲಿ ಬಹಳ ದಿನ ಇತ್ತು. ಈಗ ತಿಂಗಳಿಗಿಷ್ಟೆಂದು ಚಿಕ್ಕ ಮೊತ್ತ ಕೊಡುವವರ ಸಂಖ್ಯೆ ನಿಧಾನವಾಗಿ ಬೆಳೆದಿದೆ. ಒಟ್ಟು ಮೊತ್ತ ಹಿಂದಿನಷ್ಟು ಆಗಿಲ್ಲ. ಆದರೆ ಮುಂದಿನ ಮೂರು ತಿಂಗಳು ಏನಾದೀತೆಂದು ಹೇಳಬಲ್ಲಷ್ಟು ಸ್ಥಿರವಾಗಿದೆ. ಲೆಕ್ಕ ನೋಡುವ ನನಗೆ ಈ ಸ್ಥಿರತೆ ಹಿಂದಿನ ದೊಡ್ಡ ಅಂಕಿಗಳಿಗಿಂತ ಹೆಚ್ಚು ನೆಮ್ಮದಿ ಕೊಟ್ಟಿದೆ.

ಇನ್ನೊಂದು ನಿಯಮದ ಚರ್ಚೆ ಇನ್ನೂ ಪೂರ್ತಿ ಮುಗಿದಿಲ್ಲ. ನಿಗದಿತ ಮೊತ್ತಕ್ಕಿಂತ ದೊಡ್ಡ ದಾನ ಬಂದರೆ ಅದನ್ನು ಒಂದು ಅವಧಿಯವರೆಗೆ ಮುಟ್ಟದೆ ಇಡುವುದು, ಆ ಅವಧಿಯಲ್ಲಿ ಕೊಟ್ಟವರು ಕೇಳಿದರೆ ಕಾರಣ ವಿಚಾರಿಸದೆ ಮರಳಿಸುವುದು. ಹಿರಿಯ ಸದಸ್ಯೆ ಇದನ್ನು ಇವತ್ತಿಗೂ ಒಪ್ಪಿಲ್ಲ. ಬುದ್ಧರ ಸಂಘಕ್ಕೆಂದು ಜೇತವನವೆಂಬ ತೋಪಿನ ನೆಲಕ್ಕೆ ನಾಣ್ಯ ಹಾಸಿ ಕೊಂಡುಕೊಟ್ಟ ವರ್ತಕ ಅನಾಥಪಿಂಡಿಕನನ್ನು ಯಾರೂ ಎರಡು ವಾರ ಕಾಯಿಸಲಿಲ್ಲ, ಎಲ್ಲ ದೊಡ್ಡ ತ್ಯಾಗಗಳನ್ನೂ ಉಬ್ಬರವೆಂದು ಅನುಮಾನಿಸುವ ಅಭ್ಯಾಸ ಬೆಳೆದರೆ ಧಮ್ಮದಲ್ಲಿ ತ್ಯಾಗಕ್ಕೆ ಜಾಗವೇ ಉಳಿಯದು ಎನ್ನುತ್ತಾರೆ. ಈ ಆತಂಕ ನನ್ನದೂ ಹೌದು. ಆದರೂ ಅದೇ ಅನಾಥಪಿಂಡಿಕನ ಬದುಕಿನ ಇನ್ನೊಂದು ಪ್ರಸಂಗ ನನ್ನ ಕಣ್ಣ ಮುಂದಿದೆ. ನಿಮ್ಮ ಮನೆಯಲ್ಲಿ ದಾನ ನಡೆಯುತ್ತಿದೆಯೇ ಎಂದು ಬುದ್ಧರು ಕೇಳಿದಾಗ, ನಡೆಯುತ್ತಿದೆ, ಆದರೆ ನುಚ್ಚಕ್ಕಿಯ ಅನ್ನ ಮತ್ತು ಹುಳಿಗಂಜಿ ಮಾತ್ರ ಎಂದು ಅವನು ಹೇಳುತ್ತಾನೆ. ಕೊಡುವುದು ಒರಟಾದದ್ದೋ ನಯವಾದದ್ದೋ ಎಂಬುದಕ್ಕಿಂತ ಆದರದಿಂದ, ಸ್ವಂತ ಕೈಯಿಂದ ಕೊಡುವುದು ಮುಖ್ಯ ಎಂದು ಬುದ್ಧರು ಅಲ್ಲಿ ವಿವರಿಸುತ್ತಾರೆ. ದೊಡ್ಡದನ್ನು ಕೊಡು ಎಂದು ಅವನನ್ನು ಒತ್ತಾಯಿಸುವುದಿಲ್ಲ.

ಕಳೆದ ಸಭೆಯಲ್ಲಿ ಈ ನಿಯಮದ ಬಗ್ಗೆ ಆ ಸಾಧಕರ ಅಭಿಪ್ರಾಯವನ್ನೂ ಕೇಳಿದೆವು. ಅವರು ಈಗ ಮತ್ತೆ ಶಿಬಿರಗಳಿಗೆ ಬರುತ್ತಿದ್ದಾರೆ. ತಡೆಹಿಡಿದದ್ದು ಸರಿ, ತಡೆಹಿಡಿಯುತ್ತೇವೆಂದು ಹಣ ಬಂದ ಮೇಲೆ ತಿಳಿಸಿದ್ದು ಸರಿಯಲ್ಲ ಎಂದರು. ಎಲ್ಲರಿಗೂ ಅನ್ವಯಿಸುವ ಕ್ರಮವೆಂದು ಮೊದಲೇ ಗೊತ್ತಿದ್ದರೆ ತಮ್ಮ ಶ್ರದ್ಧೆಯನ್ನು ಅಳೆದು ನೋಡಿದಂತೆ ಅನ್ನಿಸುತ್ತಿರಲಿಲ್ಲ ಎಂಬುದು ಅವರ ಮಾತು. ಮನೆಯವರ ಕರೆಯನ್ನು ಆಧಾರವಾಗಿ ಇಟ್ಟುಕೊಳ್ಳಬಾರದು, ಮೊತ್ತವೊಂದೇ ಆಧಾರವಾಗಬೇಕು ಎಂದೂ ಹೇಳಿದರು. ಎರಡೂ ಸಲಹೆಗಳನ್ನು ಬಳಗ ಒಪ್ಪಿದೆ. ಮುಂದಿನ ಶಿಬಿರದ ನೋಂದಣಿ ಪತ್ರದ ಮೊದಲ ಪುಟದಲ್ಲೇ ಈ ಕ್ರಮ ಅಚ್ಚಾಗುತ್ತದೆ. ಅವಧಿ ಎರಡು ವಾರವಿರಬೇಕೋ ಒಂದು ತಿಂಗಳಿರಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.